ನ್ಯಾನೊ ಔಷಧ: ಪರೀಕ್ಷೆ ಹಳ್ಳಿಗೆ ಬಂತು, ಚಿಕಿತ್ಸೆ ಇನ್ನೂ ಪೇಟೆಯಲ್ಲೇ ಉಳಿಯಿತು

'ನ್ಯಾನೊ' ಎಂಬ ಪದ ಗಡಿನಾಡಿನ ಹಳ್ಳಿಗಳಿಗೆ ಹೊಸದೇನಲ್ಲ. 2008ರಲ್ಲಿ ಟಾಟಾ ಕಂಪನಿ ಒಂದು ಲಕ್ಷ ರೂಪಾಯಿಯ ಕಾರು ತೋರಿಸಿದಾಗ ಆ ಹೆಸರು ಮನೆಮಾತಾಯಿತು. 2021ರಲ್ಲಿ ಅರ್ಧ ಲೀಟರ್ ಬಾಟಲಿಯ ನ್ಯಾನೊ ಯೂರಿಯಾ ಮಾರುಕಟ್ಟೆಗೆ ಬಂದಾಗ ರೈತರ ಬಾಯಲ್ಲೂ ನೆಲೆನಿಂತಿತು. ಆದರೆ ಇದೇ ಪದ ವೈದ್ಯಕೀಯ ರಂಗದಲ್ಲಿ ಅದಕ್ಕಿಂತ ಬಹಳ ಹಿಂದಿನಿಂದಲೇ ಕೆಲಸ ಮಾಡುತ್ತಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಕ್ಯಾನ್ಸರ್ ಗಡ್ಡೆಯನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ಕಣ, ರಕ್ತನಾಳದಲ್ಲಿ ಈಜುವ ಯಂತ್ರ ಎಂಬಂಥ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಮಂಜೇಶ್ವರ, ತಾಳವಾಡಿ, ಜತ್ತ, ಮಡಕಶಿರಾಗಳ ರೋಗಿಯ ಮನೆಯವರಿಗೆ ಬೇಕಾದುದು ಬೇರೆಯೇ ಲೆಕ್ಕ. ಇದರಲ್ಲಿ ನಿಜವೆಷ್ಟು, ಕೈಗೆ ಬಂದಿರುವುದೆಷ್ಟು, ಬರಬೇಕಾದರೆ ಖರ್ಚೆಷ್ಟು?

ಎಷ್ಟು ಸಣ್ಣದು, ಏನು ಉಪಯೋಗ?

ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್. ರಕ್ತದ ಕೆಂಪು ಕಣದ ಅಗಲ ಸುಮಾರು 7 ಸಾವಿರ. ಔಷಧ ಹೊರುವ ಕಣಗಳು ಸಾಮಾನ್ಯವಾಗಿ 100ರ ಆಸುಪಾಸಿನವು.

ಇಷ್ಟು ಸಣ್ಣದು ಮಾಡಿ ಏನು ಲಾಭ? ಬಲವಾದ ಔಷಧಗಳ ತೊಂದರೆ ಇರುವುದೇ ಅವು ಮೈಯೆಲ್ಲ ಹರಡುವುದರಲ್ಲಿ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಗಡ್ಡೆಯ ಜತೆಗೆ ಹೃದಯಕ್ಕೂ ಪೆಟ್ಟು ಕೊಡುತ್ತದೆ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿ ಕಳಿಸಿದರೆ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಗುತ್ತದೆ. ಈ ಗುಳ್ಳೆಯ ಹೆಸರೇ ಲೈಪೊಸೋಮ್. ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗ್‌ಹ್ಯಾಮ್ 1960ರ ದಶಕದಲ್ಲಿ ಇದನ್ನು ಗುರುತಿಸಿದರು. ಈ ಗುಳ್ಳೆಯಲ್ಲಿ ತುಂಬಿದ ಡಾಕ್ಸೊರುಬಿಸಿನ್‌ಗೆ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ನೀಡಿದ್ದು 1995ರಲ್ಲಿ. ಪ್ರಯೋಗಾಲಯದಿಂದ ರೋಗಿಯ ಹಾಸಿಗೆಗೆ ಬರಲು 30 ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು.

2005ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ಸರದಿ ಬಂತು. ನೀರಿನಲ್ಲಿ ಕರಗದ ಈ ಔಷಧವನ್ನು ಅದುವರೆಗೆ ಹರಳೆಣ್ಣೆಯಿಂದ ತಯಾರಿಸಿದ ದ್ರಾವಣದಲ್ಲಿ ಕೊಡುತ್ತಿದ್ದರು. ಆ ದ್ರಾವಣದಿಂದಲೇ ಕೆಲವರಿಗೆ ಅಲರ್ಜಿ ಆಗುತ್ತಿತ್ತು. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಅಂಟಿಸಿ ನ್ಯಾನೊ ಕಣ ಮಾಡಿದಾಗ ಆ ದ್ರಾವಣದ ಅಗತ್ಯವೇ ಇಲ್ಲದಾಯಿತು.

ಹಳ್ಳಿಗೆ ಬಂದ ಪಟ್ಟಿ

ರೋಗ ಪತ್ತೆಯ ವಿಷಯದಲ್ಲಿ ನ್ಯಾನೊ ಆಗಲೇ ಮನೆ ಬಾಗಿಲಿಗೆ ಬಂದಿದೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಗರ್ಭ ಪರೀಕ್ಷೆಯ ಪಟ್ಟಿ, ಮಲೇರಿಯಾ ಪರೀಕ್ಷೆಯ ಪಟ್ಟಿ, ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆಂಟಿಜನ್ ಪರೀಕ್ಷೆ ಇವೆಲ್ಲವೂ ಒಂದೇ ಜಾತಿಯವು. ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಬಹುತೇಕ ಚಿನ್ನದ ನ್ಯಾನೊ ಕಣಗಳದ್ದು. ಚಿನ್ನವನ್ನು ಅಷ್ಟು ಸಣ್ಣದು ಮಾಡಿದಾಗ ಅದರ ಬಣ್ಣ ಹಳದಿಯಾಗಿ ಉಳಿಯದೆ ಕೆಂಪಾಗುತ್ತದೆ. ಕರೆಂಟು ಬೇಡ, ಯಂತ್ರ ಬೇಡ, ಕಾಲು ಗಂಟೆಯಲ್ಲಿ ಉತ್ತರ.

ಚಿನ್ನದ ಹೆಸರಿದ್ದರೂ ಇದು ಅಗ್ಗ. ಒಂದು ಪಟ್ಟಿಗೆ ಬೇಕಾಗುವ ಚಿನ್ನ ಕಣ್ಣಿಗೆ ಕಾಣದಷ್ಟು ಕಡಿಮೆ. ಸರ್ಕಾರ ಲಕ್ಷಗಟ್ಟಲೆ ಖರೀದಿಸಿ ಹಂಚಿದ್ದರಿಂದ ಇದು ಬಡವನ ಪರೀಕ್ಷೆಯಾಯಿತು. ಆದರೆ ಚಿಕಿತ್ಸೆಯ ಕಥೆ ಹೀಗಿಲ್ಲ.

2021ರ ಪಾಠ

2021ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕೊರೊನಾದಿಂದ ಚೇತರಿಸಿಕೊಂಡವರಿಗೆ ಕಪ್ಪು ಶಿಲೀಂಧ್ರ ರೋಗ ತಗುಲಿದ್ದು ಎಲ್ಲರಿಗೂ ನೆನಪಿದೆ. ಸಕ್ಕರೆ ಕಾಯಿಲೆ ಇದ್ದವರೇ ಹೆಚ್ಚಾಗಿ ಇದಕ್ಕೆ ಬಲಿಯಾದರು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಇದಕ್ಕೆ ಮುಖ್ಯ ಔಷಧ ಆಂಫೊಟೆರಿಸಿನ್ ಬಿ. ಹಳೆಯ ಮಾದರಿಯ ಆಂಫೊಟೆರಿಸಿನ್ ಅಗ್ಗವಾದರೂ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಲೈಪೊಸೋಮ್ ಗುಳ್ಳೆಯಲ್ಲಿ ಕಟ್ಟಿದ ಮಾದರಿ ಹೆಚ್ಚು ಸುರಕ್ಷಿತ. ಅದುವೇ ನ್ಯಾನೊ ಔಷಧ. ಅದುವೇ ಅಂದು ಸಿಗದೇ ಹೋದದ್ದು.

ಲೆಕ್ಕ ಹಾಕಿ ನೋಡಿದರೆ ಸಂಕಷ್ಟದ ಆಳ ತಿಳಿಯುತ್ತದೆ. ಈ ಔಷಧದ ಒಂದು ಸೀಸೆಯಲ್ಲಿ 50 ಮಿಲಿಗ್ರಾಂ ಇರುತ್ತದೆ. ಕೆ.ಜಿ. ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಎಂದರೂ 60 ಕೆ.ಜಿ. ತೂಕದ ರೋಗಿಗೆ ದಿನಕ್ಕೆ 6 ಸೀಸೆ ಬೇಕು. ಮೂರು ವಾರಕ್ಕೆ 126 ಸೀಸೆ. ಒಂದೊಂದು ಸೀಸೆಗೂ ಸಾವಿರಾರು ರೂಪಾಯಿ. ಆ ಜೂನ್ 12ರಂದು ಜಿಎಸ್‌ಟಿ ಮಂಡಳಿ ಇದರ ಮೇಲಿನ ತೆರಿಗೆಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಆದರೆ ಅಂಗಡಿಯಲ್ಲಿ ಔಷಧವೇ ಇಲ್ಲದಿದ್ದಾಗ ತೆರಿಗೆ ಇಳಿದು ಪ್ರಯೋಜನವೇನು?

ಕೇಂದ್ರ ಸರ್ಕಾರ ಆಗ ರಾಜ್ಯವಾರು ಹಂಚಿಕೆ ಮಾಡಿತು. ಗಡಿನಾಡಿಗರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ರೇಷನ್ ಕಾರ್ಡ್ ಒಂದು ರಾಜ್ಯದ್ದು, ಆಸ್ಪತ್ರೆಯ ಹಾಸಿಗೆ ಇನ್ನೊಂದು ರಾಜ್ಯದ್ದು. ಔಷಧದ ಕೋಟಾ ಮಾತ್ರ ರಾಜ್ಯದ ಹೆಸರಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 2020ರ ಮಾರ್ಚ್‌ನಲ್ಲಿ, ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

ಮುಜಫ್ಫರಪುರದ ಇನ್ನೊಂದು ಪಾಠ

ಹಾಗಾದರೆ ನ್ಯಾನೊ ಔಷಧ ಬಡವರಿಗೆ ಎಂದೂ ಎಟುಕದ್ದೇ? ಅಲ್ಲ ಎನ್ನುವುದಕ್ಕೆ ಬಿಹಾರವೇ ಸಾಕ್ಷಿ. ಅಲ್ಲಿನ ಬಡ ಹಳ್ಳಿಗಳನ್ನು ಕಾಡುತ್ತಿದ್ದ ಕಾಲಾ ಅಜಾರ್ ರೋಗಕ್ಕೆ ಹಳೆಯ ಆಂಫೊಟೆರಿಸಿನ್ ಕೊಡಬೇಕಾದರೆ ದಿನ ಬಿಟ್ಟು ದಿನ 15 ಬಾರಿ ಡ್ರಿಪ್ ಏರಿಸಬೇಕಿತ್ತು. ಅಂದರೆ ಕೂಲಿಕಾರನೊಬ್ಬ ಒಂದು ತಿಂಗಳು ಆಸ್ಪತ್ರೆಯಲ್ಲೇ ಇರಬೇಕು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯ ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರಪುರದಲ್ಲಿ ಲೈಪೊಸೋಮ್ ಔಷಧವನ್ನು ಒಂದೇ ಒಂದು ಬಾರಿ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳ ನಂತರ ಒಂದೇ ಡೋಸಿನವರಲ್ಲಿ ಶೇ. 95.7, ತಿಂಗಳ ಚಿಕಿತ್ಸೆಯವರಲ್ಲಿ ಶೇ. 96.3 ಮಂದಿ ಗುಣವಾಗಿದ್ದರು. ಹೆಚ್ಚುಕಮ್ಮಿ ಸಮ.

2014ರಲ್ಲಿ ಭಾರತ ಈ ಒಂದು ಡೋಸಿನ ಕ್ರಮವನ್ನು ಅಳವಡಿಸಿಕೊಂಡಿತು. ತಯಾರಕ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಔಷಧವನ್ನು ಉಚಿತವಾಗಿ ಒದಗಿಸಿತು. ಅದೇ ಗುಳ್ಳೆ, ಅದೇ ಔಷಧ. ಒಂದು ಕಡೆ ಕೂಲಿಕಾರನಿಗೆ ಉಚಿತವಾಗಿ ಸಿಕ್ಕಿತು, ಇನ್ನೊಂದು ಕಡೆ ದುಡ್ಡಿದ್ದವನಿಗೂ ಸಿಗಲಿಲ್ಲ. ಯಾರು ಮೊದಲೇ ಖರೀದಿಸಿ ದಾಸ್ತಾನು ಇಡುತ್ತಾರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ತಯಾರಿಕೆ ಸುಲಭವಲ್ಲ

ಸಾಮಾನ್ಯ ಮಾತ್ರೆಯ ಪೇಟೆಂಟ್ ಮುಗಿದರೆ ಹತ್ತಾರು ಕಂಪನಿಗಳು ಅದನ್ನೇ ಅಗ್ಗವಾಗಿ ತಯಾರಿಸುತ್ತವೆ. ನ್ಯಾನೊ ಔಷಧದಲ್ಲಿ ರಾಸಾಯನಿಕ ಒಂದೇ ಆದರೆ ಸಾಲದು. ಕಣದ ಗಾತ್ರ, ಹೊದಿಕೆ, ಔಷಧ ಹೊರಬರುವ ವೇಗ ಎಲ್ಲವೂ ಹೊಂದಬೇಕು. 2011ರಲ್ಲಿ ಅಮೆರಿಕದಲ್ಲೇ ಲೈಪೊಸೋಮ್ ಡಾಕ್ಸೊರುಬಿಸಿನ್ ಕೊರತೆಯಾಯಿತು. 2012ರಲ್ಲಿ ಅಲ್ಲಿನ ಸರ್ಕಾರ ಭಾರತದ ಸನ್ ಫಾರ್ಮಾ ಕಂಪನಿಯ ಔಷಧವನ್ನು ತರಿಸಿಕೊಳ್ಳಬೇಕಾಯಿತು. ಮಾಡುವ ಶಕ್ತಿ ಇಲ್ಲಿಯೂ ಇದೆ ಎಂಬುದಕ್ಕೆ ಇದು ಸಾಕು. 2019ರಲ್ಲಿ ಕೇಂದ್ರ ಸರ್ಕಾರ ನ್ಯಾನೊ ಔಷಧಗಳ ಗುಣಮಟ್ಟ ಮತ್ತು ಸುರಕ್ಷತೆಯ ಪರಿಶೀಲನೆಗೆ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿತು.

ಸುದ್ದಿಯನ್ನು ಜರಡಿ ಹಿಡಿಯಬೇಕು

ಕೊರೊನಾ ಕಾಲದಲ್ಲಿ ಫೈಜರ್ ಮತ್ತು ಮಾಡರ್ನಾ ಲಸಿಕೆಗಳು ಕೊಬ್ಬಿನ ನ್ಯಾನೊ ಕಣಗಳಲ್ಲೇ ಬಂದವು. ಅದಕ್ಕೆ ದಾರಿ ಮಾಡಿದ ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಈ ಜಾತಿಯವಲ್ಲ.

ಗೆಲುವಿನ ಜತೆಗೆ ಮಿತಿಯನ್ನೂ ಹೇಳಬೇಕು. ನ್ಯಾನೊ ಕಣ ನೇರವಾಗಿ ಗಡ್ಡೆಗೇ ಹೋಗುತ್ತದೆ ಎಂಬ ಮಾತು ಅತಿಶಯೋಕ್ತಿ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ಹೆಚ್ಚಿನ ಪಾಲನ್ನು ಯಕೃತ್ತು ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2022ರಲ್ಲಿ ಹಲ್ಲಿನ ಒಳನಾಳಗಳಿಗೆ ನುಗ್ಗಿ ರೋಗಾಣುಗಳನ್ನು ಬಿಸಿಯಿಂದ ಕೊಲ್ಲುವ ಅಯಸ್ಕಾಂತೀಯ ನ್ಯಾನೊ ಯಂತ್ರಗಳ ಬಗ್ಗೆ ವರದಿ ಮಾಡಿತು. ಹೆಮ್ಮೆಯ ಸಂಗತಿ. ಆದರೆ ಪ್ರಯೋಗಾಲಯದ ಗೆಲುವನ್ನು ನಾಳೆಯ ಚಿಕಿತ್ಸೆ ಎಂದು ತಿಳಿಯಬಾರದು. ಇನ್ನು 'ನ್ಯಾನೊ' ಪದಕ, 'ನ್ಯಾನೊ' ನೀರು ಎಂದು ಮನೆಮನೆಗೆ ತಂದು ಮಾರುವ ಸರಕಿಗೂ ಈ ವಿಜ್ಞಾನಕ್ಕೂ ಸಂಬಂಧವೇ ಇಲ್ಲ.

ಗಡಿನಾಡಿನವರು ಮಾಡಬೇಕಾದ್ದೇನು?

ಮೊದಲನೆಯದು, ವೈದ್ಯರು ಲೈಪೊಸೋಮಲ್ ಅಥವಾ ನ್ಯಾನೊ ಮಾದರಿಯ ದುಬಾರಿ ಔಷಧ ಬರೆದರೆ ಮೂರು ಪ್ರಶ್ನೆ ಕೇಳಬಹುದು. ಹಳೆಯ ಮಾದರಿಗಿಂತ ಈ ರೋಗಿಗೆ ಇದರಿಂದ ಆಗುವ ಲಾಭವೇನು? ಒಟ್ಟು ಎಷ್ಟು ಸೀಸೆ ಬೇಕು? ಬೇರೆ ಕಂಪನಿಯ ಅಗ್ಗದ ಔಷಧ ಇದೆಯೇ? ಕೆಲವು ರೋಗಗಳಲ್ಲಿ ಹಳೆಯದೇ ಸಾಕು, ಕೆಲವರಲ್ಲಿ ಹೊಸದೇ ಬೇಕು. ಹಾಗೆಂದು ವೈದ್ಯರನ್ನು ಕೇಳದೆ ಔಷಧ ಬದಲಿಸುವುದು ಅಪಾಯ.

ಎರಡನೆಯದು, ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಯೋಜನೆಯ ಫಲಾನುಭವಿಗಳು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯಲು ಅವಕಾಶವಿದೆ. ರಾಜ್ಯ ಸರ್ಕಾರದ ಸ್ವಂತ ಯೋಜನೆಯ ಕಾರ್ಡಾದರೆ ಗಡಿ ದಾಟಿದ ಮೇಲೆ ನಡೆಯದಿರಬಹುದು. ಕೈಯಲ್ಲಿರುವ ಕಾರ್ಡ್ ಯಾವುದು, ಆ ಔಷಧ ಅದರಲ್ಲಿ ಸೇರಿದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಮೂರನೆಯದು, ಹೊಸ ಔಷಧದ ಪ್ರಯೋಗಕ್ಕೆ ಸೇರಲು ಕೇಳಿದರೆ ಭಾಷೆಯ ಹಕ್ಕನ್ನು ಮರೆಯಬಾರದು. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪ್ರಯೋಗದಿಂದ ಹಾನಿಯಾದರೆ ಪರಿಹಾರವೂ ಸಿಗಬೇಕು. ಮಲಯಾಳ, ತಮಿಳು, ಮರಾಠಿ, ತೆಲುಗು ಮಾತನಾಡಲು ಬರುತ್ತದೆ ಎಂದ ಮಾತ್ರಕ್ಕೆ ಆ ಲಿಪಿಯ ಹತ್ತು ಪುಟದ ಕಾಗದ ಅರ್ಥವಾದಂತಲ್ಲ. ಕನ್ನಡದಲ್ಲಿ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಸಂಶೋಧಕರು ತಮ್ಮ ಪಾಲಿನ ಕೆಲಸ ಮಾಡುತ್ತಿದ್ದಾರೆ. ಕಣ ಎಷ್ಟೇ ಸಣ್ಣದಾದರೂ ಅದನ್ನು ಹೊತ್ತ ಸೀಸೆ 27 ತಿರುವುಗಳ ದಿಂಬಂ ಘಾಟಿ ಹತ್ತಿ ತಾಳವಾಡಿಗೆ ಬರಬೇಕು, ತಲಪಾಡಿಯ ಗೇಟು ದಾಟಬೇಕು. ಪರೀಕ್ಷೆಯ ಪಟ್ಟಿ ಬಂದ ದಾರಿಯಲ್ಲೇ ಔಷಧವೂ ಬರಬಲ್ಲದು. ಅದಕ್ಕೆ ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಸರ್ಕಾರಗಳು ದಾಸ್ತಾನು ಮಾಡಬೇಕು, ರೋಗಿ ಎಲ್ಲಿ ಮಲಗಿದ್ದಾನೋ ಅಲ್ಲಿಗೆ ಕೋಟಾ ಕೊಡುವ ಪದ್ಧತಿ ತರಬೇಕು. ಗಡಿನಾಡಿನ ಜನಪ್ರತಿನಿಧಿಗಳು ಈಗಲೇ ಕೇಳಬೇಕಾದ ಮಾತಿದು.