ಪಾರಿವಾಳದ ಪಾದ

ನಗರವಾಸದಿಂದ ಮನುಷ್ಯನ ದೇಹಕ್ಕೆ ಉಂಟಾಗುವ ಕೇಡುಗಳನ್ನು ಕುರಿತು ಬೇಕಾದಷ್ಟು ಬರೆದಿರುವರು. ನಮ್ಮ ಸೂರಿನಡಿಯಲ್ಲಿ ಬಾಡಿಗೆಯಿಲ್ಲದೆ ವಾಸಿಸುವ ಪಕ್ಷಿಗಳ ಕ್ಷೇಮವನ್ನು ವಿಚಾರಿಸುವವರು ವಿರಳ. ವಾಚಕರು ಪೇಟೆಯಲ್ಲಿ ಕಾಳು ಹೆಕ್ಕುವ ಪಾರಿವಾಳಗಳನ್ನು ಕಂಡಾಗ ಕೊರಳಿನ ಹೊಳಪನ್ನು ಬಿಟ್ಟು ಪಾದಗಳನ್ನು ನೋಡಬೇಕೆಂದು ಬೇಡುವೆನು. ಮುಂದಕ್ಕೆ ಮೂರು, ಹಿಂದಕ್ಕೊಂದು ಬೆರಳಿರಬೇಕಾದ ಕಾಲಿನಲ್ಲಿ ಕೆಲವಕ್ಕೆ ಎರಡೇ ಇರುವುವು. ಕೆಲವಕ್ಕೆ ಬರಿಯ ಮೊಂಡು.

ಸಂಸ್ಕೃತದಲ್ಲಿ ಈ ಪಕ್ಷಿಗೆ ಕಪೋತ, ಪಾರಾವತ ಎಂಬುವಲ್ಲದೆ ಕಲರವವೆಂದೂ ಹೆಸರುಂಟು. ಇಂಪಾದ ದನಿಯುಳ್ಳದ್ದೆಂದು ಅರ್ಥ. (ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಕೇಳಿದವರು ಇಂಪೆನ್ನುವರೋ ಇಲ್ಲವೋ, ಆ ಮಾತು ಬೇರೆ.) ಬಂಡೆಯ ಬಿರುಕುಗಳಲ್ಲಿ ಗೂಡು ಕಟ್ಟುತ್ತಿದ್ದ ಜಾತಿಯಿದು, ನಮ್ಮ ಉಪ್ಪರಿಗೆಗಳನ್ನೇ ಬಂಡೆಯೆಂದು ಬಗೆದು ಊರೊಳಗೆ ನೆಲೆಸಿತು.

ಬೆರಳು ಹೋಗುವುದು ರೋಗದಿಂದಲೆಂದೂ, ತನ್ನ ಹಿಕ್ಕೆಯಲ್ಲಿಯೇ ನಿಂತು ಕೊಳೆಯುವುದರಿಂದಲೆಂದೂ ಹೇಳುವುದುಂಟು. ಫ್ರಾನ್ಸ್ ದೇಶದ ಶಾಸ್ತ್ರಜ್ಞರು ಪ್ಯಾರಿಸ್ ನಗರದ 46 ಸ್ಥಳಗಳಲ್ಲಿ ಪಾರಿವಾಳಗಳ ಕಾಲುಗಳನ್ನು ಪರಿಶೀಲಿಸಿ, 2019ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ಆಗತಾನೆ ಗೂಡು ಬಿಟ್ಟ ಮರಿಗಳಲ್ಲಿ ಈ ಊನವಿರಲಿಲ್ಲ. ಎಂದ ಮೇಲೆ ಇದು ಹುಟ್ಟಿನಿಂದ ಬಂದುದಲ್ಲ. ಹೊಗೆಯೂ ಗದ್ದಲವೂ ಹೆಚ್ಚಾಗಿರುವ ಕೇರಿಗಳಲ್ಲಿ ಊನವು ಹೆಚ್ಚು. ಎಲ್ಲಕ್ಕಿಂತ ವಿಚಿತ್ರವಾದುದೆಂದರೆ, ಕ್ಷೌರದಂಗಡಿಗಳು ಒತ್ತಾಗಿರುವ ಕಡೆ ಪಕ್ಷಿಗಳು ಕಳೆದುಕೊಂಡ ಬೆರಳುಗಳ ಸಂಖ್ಯೆಯೂ ಅಧಿಕವಾಗಿದ್ದಿತು!

ಅದು ಹೇಗೆಂದರೆ: ಪಾರಿವಾಳವು ಕುಪ್ಪಳಿಸುವ ಹಕ್ಕಿಯಲ್ಲ, ನೆಲದ ಮೇಲೆ ನಡೆದಾಡಿ ಆಹಾರ ಹುಡುಕುವುದು. ಬೀದಿಯಲ್ಲಿ ಬಿದ್ದ ಉದ್ದವಾದ ಕೂದಲು, ನೂಲಿನ ತುಂಡು ಮೊದಲಾದುವು ಬೆರಳಿಗೆ ತೊಡರುವುವು. ನಡೆದಷ್ಟೂ ಕುಣಿಕೆ ಬಿಗಿಯುವುದು. ಕೊಕ್ಕಿನಿಂದ ಬಿಡಿಸಿಕೊಳ್ಳಲು ಸಾಧ್ಯವಾಗದು. ರಕ್ತಸಂಚಾರ ನಿಂತು, ಬೆರಳು ಊದಿ, ಕಪ್ಪಾಗಿ, ಒಣಗಿ ಕಳಚುವುದು. ಕಳಚಿದ್ದು ಮತ್ತೆ ಬೆಳೆಯುವುದಿಲ್ಲ. ಕತ್ತಿಯಿಂದ ಕಡಿದರೆ ಕ್ಷಣಮಾತ್ರದ ನೋವು. ನಮ್ಮ ಕೂದಲೆಳೆಯು ಕಡಿಯುವುದಕ್ಕೆ ದಿನಗಳನ್ನು ತೆಗೆದುಕೊಳ್ಳುವುದು.

ಗರಿಯ ಬಣ್ಣಕ್ಕೂ ನಗರಕ್ಕೂ ಸಂಬಂಧವುಂಟೆನ್ನುವರು. ಪ್ಯಾರಿಸಿನ ಪಾರಿವಾಳಗಳನ್ನೇ ಕುರಿತ 2014ರ ಶೋಧನೆಯಲ್ಲಿ, ಕಪ್ಪು ಛಾಯೆ ಹೆಚ್ಚಾಗಿರುವ ಹಕ್ಕಿಗಳು ಸತುವನ್ನು ಗರಿಗಳಲ್ಲಿ ಹೆಚ್ಚಾಗಿ ಶೇಖರಿಸುವುವೆಂದು ಕಂಡುಬಂದಿತು. ಗರಿ ಉದುರುವಾಗ ಲೋಹವೂ ಹೋಗುವುದಷ್ಟೆ! ಗರಿಗೆ ಇಂತಹ ಉಪಾಯವುಂಟು, ಪಾದಕ್ಕೆ ಇಲ್ಲ.

ಪ್ಯಾರಿಸಿನ ಮಾತು ನಮಗೇಕೆಂದು ಕೇಳಬಹುದು. ಬಾಚಣಿಗೆಯಿಂದ ಬಿಡಿಸಿದ ಕೂದಲನ್ನು ಕಿಟಕಿಯಿಂದ ತೂರುವುದು ನಮ್ಮ ಮನೆಗಳಲ್ಲಿಯೂ ಉಂಟು. ಹಿಂದಿನ ಹೆಂಗಸರು ಅದನ್ನು ಸುತ್ತಿ ಉಂಡೆಮಾಡಿ ಗೋಡೆಯ ಸಂದಿನಲ್ಲಿಡುತ್ತಿದ್ದರು. ಕೂದಲು ಕೊಂಡು ಪಾತ್ರೆ ಕೊಡುವವನು ಬಂದಾಗ ಅದಕ್ಕೆ ಬೆಲೆಯೂ ಬರುತ್ತಿದ್ದಿತು. ಈಗ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದರೂ ಸಾಕು. ಹೊಲಿಗೆಯ ನೂಲನ್ನು ಚಿಕ್ಕ ಚಿಕ್ಕ ತುಂಡುಮಾಡಿ ಬಿಸುಡಬೇಕು. ಗಾಳಿಪಟದ ನೈಲಾನ್ ಮಾಂಜಾ ದಾರವನ್ನಂತೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ದೇಶದಲ್ಲೆಲ್ಲ ನಿಷೇಧಿಸಿದೆ. ಮಕ್ಕಳ ಕೈಯಲ್ಲಿ ಅದು ಕಂಡರೆ ತಂದೆತಾಯಿಗಳು ಸುಮ್ಮನಿರಲಾಗದು.

ಕಾಲಿಗೆ ದಾರ ಸುತ್ತಿದ ಹಕ್ಕಿ ಕೈಗೆ ಸಿಕ್ಕಿದರೆ ತಲೆಯ ಮೇಲೆ ತೆಳುವಾದ ಬಟ್ಟೆ ಮುಚ್ಚಿರಿ. ಕತ್ತಲಾದರೆ ಅದು ಶಾಂತವಾಗುವುದು. ದಾರವನ್ನು ಎಳೆಯಬೇಡಿರಿ. ಸಣ್ಣ ಕತ್ತರಿಯ ಮೊಂಡುತುದಿಯನ್ನು ದಾರದಡಿಗೆ ಮೆಲ್ಲನೆ ತೂರಿಸಿ ಕತ್ತರಿಸಬೇಕು. ದಾರವು ಮಾಂಸದಲ್ಲಿ ಹೂತಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಅನಂತರ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು.