ಕಿವಿಯಿಂದ ಕಂಡ ಹಾಕಿ

ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ 2024ರಲ್ಲಿ ಕುಂಡ್ಯೋಳಂಡ ಹಾಕಿ ಉತ್ಸವ ನಡೆದಾಗ 360 ಕೊಡವ ಕುಟುಂಬಗಳ ತಂಡಗಳು ಸೇರಿದ್ದವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳೊಡನೆ ಆರಂಭಿಸಿದ ಪಂದ್ಯಾವಳಿಯು ಇಷ್ಟರ ಮಟ್ಟಿಗೆ ಬೆಳೆದುದು ಸಂತೋಷದ ಸಂಗತಿಯೇ ಸರಿ. ಆದರೆ ಅಲ್ಲಿ ಪ್ರೇಕ್ಷಕರಾಗಿ ಕುಳಿತ ಹಿರಿಯರ ಮನಸ್ಸಿನಲ್ಲಿ ಮತ್ತೊಂದು ಹಾಕಿಯೂ ಉಂಟು. ಅದನ್ನು ಅವರು ಕಣ್ಣಿನಿಂದ ಕಂಡವರಲ್ಲ. ಬಾಲ್ಯದಲ್ಲಿ ರೇಡಿಯೋದ ಮುಂದೆ ಕುಳಿತು ಕೇಳಿದವರು. ಆ ನೆನಪುಗಳನ್ನು ಬರೆದಿಡುವ ಕಾರ್ಯಕ್ಕೆ ಇನ್ನು ವಿಳಂಬ ಸಲ್ಲದು. 1973ರಲ್ಲಿ ಹತ್ತು ವರ್ಷದ ಬಾಲಕರಾಗಿದ್ದವರು ಈಗ ಅರುವತ್ತು ದಾಟಿದ್ದಾರೆ. ಅವರಿಗೆ ಅಂದು ರೇಡಿಯೋದ ತಿರುಪು ತಿರುಗಿಸಿಕೊಟ್ಟ ಹಿರಿಯರಲ್ಲಿ ಉಳಿದವರು ವಿರಳ.

ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದರು. ಆಟವೆಂಬುದು ಸ್ವಭಾವತಃ ದೃಶ್ಯ. ಅದನ್ನು ಶ್ರವ್ಯವನ್ನಾಗಿ ಮಾಡಿದ್ದು ರೇಡಿಯೋ. ಅದರಲ್ಲಿಯೂ ಕೊಡಗಿನ ಮಕ್ಕಳ ಪಾಡು ವಿಚಿತ್ರ: ಮನೆಯಲ್ಲಿ ಕೊಡವ ನುಡಿಯೋ ಅರೆಭಾಷೆಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ, ಪಂದ್ಯದ ವೀಕ್ಷಕ ವಿವರಣೆಯಾದರೋ ಹಿಂದಿ ಅಥವಾ ಇಂಗ್ಲಿಷ್. ಜಸ್‌ದೇವ್ ಸಿಂಗರ ಓಟದ ಹಿಂದಿಯಲ್ಲಿ ಮಕ್ಕಳಿಗೆ ತಿಳಿಯುತ್ತಿದ್ದುದು ಆಟಗಾರರ ಹೆಸರುಗಳು ಮತ್ತು ಸ್ವರದ ಏರಿಳಿತ, ಅಷ್ಟೇ. ಸ್ವರ ಏರಿತೆಂದರೆ ಚೆಂಡು ಗೋಲಿನ ಬಳಿ ಬಂದಿದೆಯೆಂದು ಅರ್ಥ. ಉಳಿದುದನ್ನು ಕಲ್ಪನೆಯೇ ತುಂಬಬೇಕು. ರೇಡಿಯೋಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸು ಪಡೆಯಬೇಕಾಗಿದ್ದ ಕಾಲವದು. ಏರಿಯಲ್ ತಂತಿಯನ್ನು ಮರಕ್ಕೆ ಕಟ್ಟಬೇಕು. ಸೊರಗಿದ ಬ್ಯಾಟರಿಗಳನ್ನು ಬಿಸಿಲಿಗಿಟ್ಟು ಇನ್ನೊಂದು ದಿನಕ್ಕೆ ಎಳೆಯಬೇಕು. ಮಳೆಗಾಲದಲ್ಲಿ ಆ ಬಿಸಿಲೂ ದುರ್ಲಭ. ಗುಡುಗಿದರೆ ಗೊರಗೊರ ಸದ್ದಿನಲ್ಲಿ ಗೋಲೇ ಮುಳುಗಿಹೋಗುವುದು.

ಹಿರಿಯರು ಬಹುಮಟ್ಟಿಗೆ ಹೇಳುವುದು ಗೆಲುವಿನ ಕಥೆಯನ್ನು. 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ಪಾಕಿಸ್ತಾನವೇ ಮೊದಲ ಗೋಲು ಹೊಡೆಯಿತು. ಸುರ್ಜಿತ್ ಸಿಂಗ್ ಸಮ ಮಾಡಿದರು, ಅಶೋಕ್ ಕುಮಾರ್ ಗೆಲ್ಲಿಸಿದರು. 2-1ರ ಆ ಜಯದ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಸ್ಪೇನನ್ನು 4-3ರಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಇವೆಲ್ಲ ಹೆಮ್ಮೆಯ ವಿಷಯಗಳೇ.

ಆದರೆ 1973ರ ಸೆಪ್ಟೆಂಬರ್ 2ರ ಮಾತು ಬಂದರೆ ದನಿ ತಗ್ಗುತ್ತದೆ. ಕೈಲ್‌ಪೋಳ್ದ್ ಹಬ್ಬದ ಆಸುಪಾಸಿನ ದಿನ. ಹಾಲೆಂಡಿನ ಆಮ್‌ಸ್ಟೆಲ್ವೀನ್‌ನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಭಾರತದ ನಾಯಕರು ಕೊಡಗಿನವರೇ ಆದ ಎಂ.ಪಿ. ಗಣೇಶ್. ಎರಡು ಗೋಲುಗಳ ಮುನ್ನಡೆ ಕರಗಿ 2-2 ಆಯಿತು. ಹೆಚ್ಚುವರಿ ಆಟದಲ್ಲಿ ದೊರೆತ ಪೆನಾಲ್ಟಿ ಸ್ಟ್ರೋಕ್ ಗೋಲಾಗಿದ್ದರೆ ಕಪ್ಪು ಭಾರತದ್ದೇ. ಅದನ್ನು ಹೊಡೆದವರು ಗೋವಿಂದ, ಗೋಲಾಗಲಿಲ್ಲ. ಬಳಿಕ ಸ್ಟ್ರೋಕ್‌ಗಳ ಸರದಿಯಲ್ಲಿ ಹಾಲೆಂಡ್ 4-2ರಿಂದ ಗೆದ್ದಿತು. ನಾಡಿಗೆಲ್ಲ ಇದು ಒಂದು ಸೋಲು. ಕೊಡಗಿಗೆ ಮನೆಯ ಮಗನ ಸಂಕಟ. ಎರಡೇ ವರ್ಷದೊಳಗೆ ಅದೇ ಗೋವಿಂದ ವಿಶ್ವವಿಜೇತರ ಸಾಲಿನಲ್ಲಿ ನಿಂತುದರ ಬೆಲೆ, ಆ ಸೋಲನ್ನು ಮರೆಮಾಚಿದರೆ ಮಕ್ಕಳಿಗೆ ತಿಳಿಯುವುದಾದರೂ ಹೇಗೆ? ಗೆಲುವನ್ನಷ್ಟೇ ಆರಿಸಿಟ್ಟ ನೆನಪು ಅಭಿನಂದನ ಪತ್ರವಾದೀತೇ ಹೊರತು ಚರಿತ್ರೆಯಾಗದು.

ನೆನಪು ನಂಬಲರ್ಹವಲ್ಲ, ವರ್ಷಗಳು ಕಲಸಿಹೋಗುತ್ತವೆ ಎಂಬ ಆಕ್ಷೇಪವಿದೆ. ನಿಜ. ಆದರೆ ಗೋಲುಗಳ ಲೆಕ್ಕಕ್ಕೆ ದಾಖಲೆಗಳಿವೆ. ಅದಕ್ಕಾಗಿ ಹಿರಿಯರನ್ನು ಪೀಡಿಸಬೇಕಾಗಿಲ್ಲ. ರೇಡಿಯೋ ಯಾರ ಮನೆಯಲ್ಲಿತ್ತು, ಜಗಲಿಯ ಮೇಲೆ ಯಾರು ಕುಳಿತರು, ಅಂಗಳದಲ್ಲಿ ಯಾರು ನಿಂತರು, ಹೆಂಗಸರು ಅಡುಗೆಮನೆಯಿಂದ ಎಷ್ಟು ಕೇಳಿಸಿಕೊಂಡರು, ಸೋತ ರಾತ್ರಿ ಮನೆಯಲ್ಲಿ ಊಟವಾಯಿತೆ? ಇವು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

ಶಾಲೆಯ ಪ್ರಬಂಧ ರಚನೆಗೆ ಸವೆದುಹೋದ ವಿಷಯಗಳನ್ನು ಕೊಡುವ ಬದಲು ಉಪಾಧ್ಯಾಯರು ಇದನ್ನು ಕೊಡಬಹುದು. ಹಿರಿಯ ವಿದ್ಯಾರ್ಥಿಗಳೇ ಮೊದಲ ನಿರೂಪಕರಾಗಲಿ. ಬರೆದುದನ್ನು ಕಟ್ಟಿಸಿ ಗ್ರಂಥಾಲಯದಲ್ಲಿರಿಸಲು ದೊಡ್ಡ ದತ್ತಿಯೇನೂ ಬೇಕಿಲ್ಲ. ಪ್ರಶ್ನೆ ಕೇಳಹೋಗುವ ಮಕ್ಕಳು ರೇಡಿಯೋ ಇದ್ದ ದೊಡ್ಡ ಮನೆಗಳಲ್ಲಿಯೇ ನಿಲ್ಲದೆ ತೋಟದ ಲೈನ್‌ಮನೆಗಳಿಗೂ ಪೇಟೆಯ ಹಳೆಯ ಅಂಗಡಿಗಳಿಗೂ ಹೋಗಿಬರಲಿ. ಬೇಲಿಯ ಹೊರಗೆ ನಿಂತು ಕೇಳಿದವರು ಅಲ್ಲಿದ್ದಾರೆ.