ಕಲೆಯೊಳಗಿನ ಬೆಟ್ಟ

‘ಇದು ಕಲೆಯಲ್ಲ, ಬರೀ ಬಣ್ಣದ ಕಲೆ’ ಎಂಬ ಕೊಂಕು ಹೊಸದೇನಲ್ಲ. ಒದ್ದೆ ಹಾಳೆಗೆ ಬಣ್ಣ ಬಿಟ್ಟು, ಅದು ಹರಿದತ್ತ ಹರಿಯಗೊಟ್ಟು, ಮೂಡಿದ ಆಕಾರದಲ್ಲಿ ಎಲ್ಲೂ ಇಲ್ಲದ ಬೆಟ್ಟವನ್ನೋ ಕೆರೆಯನ್ನೋ ಕಂಡುಕೊಳ್ಳುವವರು ಕೈ ಪಳಗದವರಂತೆ! ಈ ತೀರ್ಪನ್ನು ಈ ಪತ್ರಿಕೆ ಒಪ್ಪುವುದಿಲ್ಲ.

1780ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಕೋಜೆನ್ಸ್ ಶಾಯಿಯ ಮಚ್ಚೆಗಳಿಂದ ಭೂದೃಶ್ಯ ಕಟ್ಟುವ ಕ್ರಮವನ್ನು ಪುಸ್ತಕವಾಗಿ ತಂದಾಗ ಅವನನ್ನೂ ಹಂಗಿಸಿದರು. ಮಚ್ಚೆ ಹಾಕುವ ಮೊದಲೇ ದೃಶ್ಯದ ಕಲ್ಪನೆ ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು ಎಂದು ಅವನು ಹೇಳಿದ್ದನ್ನು ಹಂಗಿಸಿದವರು ಓದಲೇ ಇಲ್ಲ.

ನಮ್ಮಲ್ಲಿ ವಾದ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿಗೆ ಬಂದು ನಿಲ್ಲುತ್ತದೆ. ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಅವರ ನಿಖರತೆಗೆ ಯಾರಾದರೂ ತಲೆಬಾಗಬೇಕು. ಆದರೆ ಅವರ ಗುರು ಅವನೀಂದ್ರನಾಥ ಠಾಕೂರರು ಬಣ್ಣ ಹಚ್ಚಿದ ಹಾಳೆಯನ್ನೇ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ನೀರು ಏನನ್ನು ಉಳಿಸುತ್ತದೋ ಅದರ ಮೇಲೆ ಮುಂದಿನ ಕೆಲಸ. ನೀರಿನ ಪಾಲನ್ನು ಒಪ್ಪಿಕೊಂಡ ಪರಂಪರೆ ಅದು.

ಒರಟು ಹಾಳೆಯೊಂದನ್ನು ನೆನೆಸಿ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಎರಡನ್ನೂ ಬಿಟ್ಟು ನೋಡಿ. ನೀಲಿಯ ಕಣಗಳು ಗುಂಪುಗೂಡಿ ಹಾಳೆಯ ಕುಳಿಗಳಲ್ಲಿ ಇಳಿದು ಕೂರುತ್ತವೆ. ಒಣಗುತ್ತಾ ಬಂದಂತೆ ಅಂಚಿನಲ್ಲಿ ಗಾಢ ಗೆರೆ ಕಟ್ಟುತ್ತದೆ. ಅರೆಒಣಗಿದಲ್ಲಿ ಒಂದು ಹನಿ ಬಿದ್ದರೆ ಹೂಕೋಸಿನಂತೆ ಅರಳುತ್ತದೆ. ಚಿಂತಾಮಣಿಯ ಅಂಬಾಜಿದುರ್ಗದ ಬಂಡೆಗೆ ಬೆನ್ನು ಕೊಟ್ಟು ಕೂತವರಿಗೆ ಆ ಮೈ ಪರಿಚಿತ: ಅದೇ ತರಿತರಿ, ಅದೇ ಮಳೆನೀರು ಇಳಿದ ಕಪ್ಪು ಜಾಡು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಒಣ ಮರಳೂ ಹಾಗೆಯೇ ಹಾಳೆಗೆ ಬರುತ್ತದೆ. ಯಾರೂ ಅದನ್ನು ನೋಡಿ ಬರೆದಿರುವುದಿಲ್ಲ.

ಈಗ ಶಾಲೆಯ ಡ್ರಾಯಿಂಗ್ ಪುಸ್ತಕ ತೆರೆಯಿರಿ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ. ಇದೇ ‘ಸೀನರಿ’. 1,478 ಮೀಟರ್ ಎತ್ತರದ ನಂದಿಯ ಬುಡದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಬೆಳೆದ ಮಗುವೂ ತ್ರಿಕೋನವನ್ನೇ ಬರೆಯುತ್ತದೆ. ನಮ್ಮ ಬೆಟ್ಟಗಳ ದುಂಡು ಬೆನ್ನು ಆ ಗೆರೆಗೆ ಸಿಗುವುದೇ ಇಲ್ಲ. ಕಂಠಪಾಠದ ಈ ಬೆಟ್ಟಕ್ಕೆ ಅಂಕ ಸಿಗುತ್ತದೆ. ಶಿಡ್ಲಘಟ್ಟದ ಹುಡುಗಿಯೊಬ್ಬಳು ಹರಿದ ಬಣ್ಣದಲ್ಲಿ ತಲಕಾಯಲಬೆಟ್ಟವನ್ನು ಕಂಡರೆ ‘ಗಲೀಜು’ ಎಂಬ ಬೈಗುಳ. ನಮ್ಮ ಸಿಟ್ಟು ಇರುವುದು ಇಲ್ಲಿ.

ಅದಕ್ಕೆಂದೇ ಈ ಸಂಚಿಕೆಯ ವಿಷಯ: ಕಲ್ಪಿತ ಜಲವರ್ಣ ಭೂದೃಶ್ಯ.

ಚಿತ್ರಕಲಾ ಶಿಕ್ಷಕರಲ್ಲಿ ಒಂದು ಬೇಡಿಕೆ. ತಿಂಗಳಿಗೊಂದು ಪೀರಿಯಡ್ ಪೆನ್ಸಿಲು, ಸ್ಕೇಲು ಒಳಗಿಡಿಸಿ. ಮಗುವಿಗೊಂದು ದಪ್ಪ ಹಾಳೆ, ಎರಡು ಬಣ್ಣ, ಒಂದು ಲೋಟ ನೀರು ಕೊಡಿ. ಹಾಳೆ ಒಣಗುವವರೆಗೆ ಏನು ಬರೆಯಬೇಕೆಂದು ಹೇಳಬೇಡಿ.